ಎಂಟನೇ ಕ್ಲಾಸಿನ ಪ್ರೊಫೆಸರು

ಗಣಿತದ ಮೇಷ್ಟ್ರುಗಳನ್ನು ತಯಾರು ಮಾಡುವ ಕಾಲೇಜೊಂದಕ್ಕೆ ಚನ್ನವೀರಸ್ವಾಮಿ ಎಂಬ ಪ್ರೊಫೆಸರು ಬಂದರು. ಬಂದವರೇ ಗಣಿತದ ಪೀರಿಯಡ್‌ಗಳನ್ನೆಲ್ಲ ಕಿತ್ತುಹಾಕಿ, ವಿದ್ಯಾರ್ಥಿಗಳ ಕೈಗೆ ಥರ್ಮಾಕೋಲು, ಕತ್ತರಿ ಕೊಟ್ಟರು. "ವಿಷಯ ಯಾರಿಗೆ ಬೇಕ್ರೀ? ಬೋಧನಾ ವಿಧಾನ ಬಂದರೆ ಮುಗೀತು! ಮಾದರಿ ಮಾಡಿ ತೋರಿಸಿ, ಪ್ರಶ್ನೆ ಕೇಳಿ, ಶಭಾಷ್ ಅಂದು ಚಪ್ಪಾಳೆ ತಟ್ಟಿಸಿ!"

ಗಣಿತ ಕಲಿಯಲೆಂದೇ ಸೇರಿದ್ದ ಹುಲಿಗೆಮ್ಮನಿಗೆ ಮೈಯೆಲ್ಲ ಉರಿಯಿತು. ಥರ್ಮಾಕೋಲು ಕತ್ತರಿಸಲು ನಾಲ್ಕು ವರ್ಷದ ಪದವಿ ಬೇಕೇ? ನಾಳೆ ಶಾಲೆಯ ಮಕ್ಕಳ ಮುಂದೆ ಉತ್ತರ ಗೊತ್ತಿಲ್ಲದೆ ಬಾಯಿ ಬಾಯಿ ಬಿಡುವವರು ತಾವು ತಾನೇ!

ಪಾಠ ಮಾಡಿ ತೋರಿಸುವ ಪರೀಕ್ಷೆಯ ದಿನ ಪ್ರೊಫೆಸರು ಮುಂದಿನ ಬೆಂಚಿನಲ್ಲಿ ಕೂತರು. "ನಾನೀಗ ಎಂಟನೇ ಕ್ಲಾಸಿನ ಹುಡುಗ. ವಿಧಾನ ತಪ್ಪಿತೋ, ಫೇಲು!"

ಹುಲಿಗೆಮ್ಮ ಬೋರ್ಡಿಗೆ ಥರ್ಮಾಕೋಲಿನ ಎರಡು ಮೈನಸ್ ಅಂಟಿಸಿ ನಕ್ಕಳು. "ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಯಾಕೆ ಬರುತ್ತೆ, ಪುಟ್ಟಾ?"

"ಅದು... ನಿಯಮ."

"ಶಭಾಷ್! ಆ ನಿಯಮ ಯಾಕೆ?"

"ಪುಸ್ತಕದಲ್ಲಿದೆ."

"ಜಾಣ! ಎಲ್ಲರೂ ಚಪ್ಪಾಳೆ ತಟ್ಟಿ. ಇನ್ನೂ ಸ್ವಲ್ಪ ಯೋಚಿಸು ಪುಟ್ಟಾ."

ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ತಟ್ಟಿತು. ಪ್ರೊಫೆಸರು ಯೋಚಿಸಿದರು, ಬೆವರಿದರು, ಕೊನೆಗೆ ಬೆಂಚು ಗುದ್ದಿದರು. "ಉತ್ತರ ನೀನೇ ಹೇಳಮ್ಮ!"

"ನನಗೂ ಗೊತ್ತಿಲ್ಲ ಸಾರ್. ವಿಧಾನ ಸರಿಯಾಗಿತ್ತಲ್ಲ?"

ಪ್ರೊಫೆಸರು ಅಂಕದ ಹಾಳೆ ಎಳೆದುಕೊಂಡರು. ಅವಳನ್ನು ಫೇಲು ಮಾಡಿದರೆ ತಮ್ಮ ವಿಧಾನವೇ ಫೇಲು. ಪೂರ್ತಿ ಅಂಕ ಹಾಕಿ, "ನಾಳೆಯಿಂದ ಗಣಿತದ ಕ್ಲಾಸು ನಡೆಯುತ್ತೆ," ಎಂದು ಗೊಣಗಿ ಎದ್ದರು.

"ತಪ್ಪದೆ ಬನ್ನಿ ಸಾರ್," ಎಂದಳು ಹುಲಿಗೆಮ್ಮ. "ಆ ಮುಂದಿನ ಬೆಂಚು ನಿಮಗೇ ಇರಲಿ."