ಕ್ಷೇಮದ ಕಟ್ಟು

ಶಿಷ್ಯನು ಕೇಳಿದ: "ಗುರುಗಳೇ, ಊರಿಗೆ ನೀರು ಕೊಡುವ ಯಂತ್ರಗಳು ತಮ್ಮ ಆಗುಹೋಗುಗಳನ್ನೆಲ್ಲ ತಾವೇ ಬರೆದು ಕಳಿಸುತ್ತವೆ. ಅದನ್ನು ಕಂಪ್ಯೂಟರಿನಲ್ಲಿ ಸೋಸಿ, ಅಪಾಯ ಕಂಡರೆ ಕಾವಲು ಕೇಂದ್ರಕ್ಕೆ ಅಲರ್ಟ್ ಕಳಿಸುವ ಏರ್ಪಾಡು ನನ್ನದು. ದಿನಕ್ಕೆ ಲಕ್ಷ ವರದಿ ಬರುತ್ತವೆ. ಒಂದೊಂದರಲ್ಲಿ ಎಷ್ಟು ಓದಿಸಿದರೆ ಸಾಕು?"

ಗುರುಗಳ ಮುಖ ಕೆಂಪಾಯಿತು. "ಸಾಕು ಎಂಬ ಮಾತು ಇಷ್ಟು ಬೇಗ ಬಂತೇ? ಕೇಳು," ಎಂದು ಹೇಳತೊಡಗಿದರು.

ಒಂದು ಸೀಮೆಯಲ್ಲಿ ದೊಡ್ಡ ಕೆರೆ ಇತ್ತು. ಏರಿಯ ಕೆಳಗೆ ಕುಂಬಾರಕೇರಿ. ಏರಿಯ ಕಾವಲುಗಾರರು ಕಂಡದ್ದನ್ನೆಲ್ಲ ಓಲೆಯಲ್ಲಿ ಬರೆದು ಚಾವಡಿಗೆ ಕಳಿಸಬೇಕು. ಚಾವಡಿಯ ಕರಣಿಕ ಅದನ್ನು ಓದಿ, ಅಪಾಯವಿದ್ದರೆ ನಗಾರಿ ಬಾರಿಸಬೇಕು. ಸದ್ದು ಕೇಳಿದೊಡನೆ ಕೇರಿಯವರು ದಿಬ್ಬ ಹತ್ತಬೇಕು. ಇದು ಕಟ್ಟಳೆ.

ಓಲೆಗಳು ರಾಶಿ ಬಿದ್ದವು. ತೂಬಿನ ಬಳಿ ಎಮ್ಮೆ ಇಳಿದಿದೆ, ಕೋಡಿಯಲ್ಲಿ ಪಾಚಿ ಕಟ್ಟಿದೆ, ಬರೀ ಇಂಥವೇ. ಕರಣಿಕನಿಗೆ ಬೇಸರ ಬಂತು. ಮೊದಲ ಸಾಲು ಮಾತ್ರ ಓದತೊಡಗಿದ. ಅದರಲ್ಲಿ ಕ್ಷೇಮ ಎಂದಿದ್ದರೆ ಓಲೆಯನ್ನು ಕ್ಷೇಮದ ಕಟ್ಟಿಗೆ ಸೇರಿಸಿಬಿಡುತ್ತಿದ್ದ. ರಾಶಿ ಬೇಗ ಕರಗಿತು. ದೊರೆ ಮೆಚ್ಚಿ ಶಾಲು ಹೊದಿಸಿದ. ಓದದೆ ಬಿಟ್ಟವನಿಗೆ ಶಾಲು! ಏನನ್ನೋಣ ಇದಕ್ಕೆ?

ನಮ್ಮವರು ಓಲೆ ಬರೆಯುವ ಕ್ರಮ ನಿನಗೂ ಗೊತ್ತು. ಮನೆಗೆ ಬೆಂಕಿ ಬಿದ್ದಿರಲಿ, ಮೊದಲು 'ಇತ್ತ ಎಲ್ಲರೂ ಕ್ಷೇಮ' ಎನ್ನಬೇಕು. ಅಶುಭದಿಂದ ಆರಂಭಿಸಬಾರದು. ಕರಣಿಕ ತಾನು ಬರೆಯುವಾಗಲೂ ಹಾಗೆಯೇ ಬರೆಯುತ್ತಿದ್ದ. ಗೊತ್ತಿದ್ದೂ ಮುಂದಕ್ಕೆ ಓದಲಿಲ್ಲ, ಪಾಪಿ.

ಒಂದು ಬೆಳಿಗ್ಗೆ ಕಾವಲುಗಾರನೊಬ್ಬನ ಓಲೆ ಬಂತು. ಕರಣಿಕ ಮೊದಲ ಸಾಲು ನೋಡಿ ಕ್ಷೇಮದ ಕಟ್ಟಿಗೆ ಹಾಕಿದ. ಅತ್ತ ಆ ಕಾವಲುಗಾರ, ಇನ್ನೇನು ನಗಾರಿ ಕೇಳುತ್ತದೆ ಎಂದು ಕಾಯುತ್ತ ಏರಿಯ ಬಿರುಕಿಗೆ ಮಣ್ಣು ಮೆತ್ತುತ್ತಿದ್ದ. ಮಧ್ಯಾಹ್ನ ಏರಿ ಒಡೆಯಿತು. ಅವನೂ ಹೋದ, ಕುಂಬಾರಕೇರಿಯೂ ಹೋಯಿತು.

ಮರುದಿನ ಬದುಕುಳಿದ ಒಬ್ಬ ಕುಂಬಾರಗಿತ್ತಿ ಚಾವಡಿಗೆ ಬಂದಳು. ಗಂಡ, ಮಗಳು ಇಬ್ಬರನ್ನೂ ನೀರು ಒಯ್ದಿತ್ತು.

"ನಗಾರಿ ಯಾಕೆ ಬಾರಿಸ್ಲಿಲ್ಲ, ಬುದ್ದಿ?"

ಕರಣಿಕ ಕಟ್ಟು ಬಿಚ್ಚಿ ಓಲೆ ತೋರಿಸಿದ. "ನೋಡಮ್ಮ, ಕ್ಷೇಮ ಅಂತಲೇ ಬರೆದಿದೆ. ನನ್ನದೇನು ತಪ್ಪು?"

"ನಂಗೆ ಓದಾಕೆ ಬರಾಕಿಲ್ಲ. ನಿಮಗೆ ಬತ್ತದಲ್ಲ, ಪೂರಾ ಓದಿ."

ಕರಣಿಕ ಓದಿದ: "ಇತ್ತ ಎಲ್ಲರೂ ಕ್ಷೇಮ. ತರುವಾಯ, ಏರಿ ಬಾಯಿ ಬಿಟ್ಟಿದೆ. ಕೂಡಲೇ ನಗಾರಿ ಬಾರಿಸಿ."

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಎರಡು ಸಾಲು ಓದಿಸಿದರೆ ಸಾಕೇ, ಗುರುಗಳೇ?"

ಗುರುಗಳು ಸಿಟ್ಟಿನಿಂದ ಕೇಳಿದರು:

"ಕರಣಿಕನ ಹೆಂಡತಿ ಮಕ್ಕಳು ಕುಂಬಾರಕೇರಿಯಲ್ಲಿದ್ದಿದ್ದರೆ ಅವನು ಎಷ್ಟು ಸಾಲು ಓದುತ್ತಿದ್ದನೋ?"