ಬಸವನಹುಳುವಿನ ಕಣ್ಣು ಕೋಡಿನ ತುದಿಗೇರಿದ್ದು

ಭೂಮಿ ಇನ್ನೂ ಹೊಸದಾಗಿತ್ತು. ಬೆಟ್ಟಗಳಿಗೆ ಬಳಿದ ಬಣ್ಣ ಆರಿರಲಿಲ್ಲ. ಹೊಳೆಗಳು ಯಾವ ಕಡೆ ಹರಿಯಬೇಕೆಂದು ದಿನಕ್ಕೊಂದು ಮನಸ್ಸು ಮಾಡುತ್ತಿದ್ದವು. ಗಾಳಿಗೆ ಮಾತು ಬರುತ್ತಿತ್ತು, ನೀರಿಗೆ ಕೋಪ ಬರುತ್ತಿತ್ತು, ಹುಳಹುಪ್ಪಟೆಗಳೆಲ್ಲ ಒಂದೇ ಭಾಷೆಯಲ್ಲಿ ಜಗಳವಾಡುತ್ತಿದ್ದವು.

ಆಗ ಒಂದು ಹೊಳೆಯ ಪಕ್ಕದಲ್ಲಿ ದೊಡ್ಡ ಹಾಸುಬಂಡೆ ಇತ್ತು. ಬಂಡೆಯ ತುಂಬ ಬೋಗುಣಿಯಂಥ ಕುಳಿಗಳು. ಭೂಮಿತಾಯಿ ಸಣ್ಣ ಸಣ್ಣ ಜೀವಿಗಳನ್ನೆಲ್ಲ ಕರೆದು, ಒಬ್ಬೊಬ್ಬರಿಗೆ ಒಂದೊಂದು ಕುಳಿ ಕೊಟ್ಟಳು.

"ಮನೆ ನಾನು ಕೊಟ್ಟಿದ್ದೇನೆ. ಅದರೊಳಗೆ ಏನು ಹಾಸಿಕೊಳ್ಳುತ್ತೀರೋ ಅದು ನಿಮ್ಮ ಇಷ್ಟ," ಎಂದು ಹೇಳಿ ಹೊರಟುಹೋದಳು. ಅವಳಿಗೆ ಅವತ್ತು ಬೇಕಾದಷ್ಟು ಕೆಲಸವಿತ್ತು.

ಒಂದು ಕುಳಿ ಸಿಂಬಿಗೆ ಸಿಕ್ಕಿತು. ಸಿಂಬಿ ಒಂದು ಬಸವನಹುಳು. ಕೊಡ ಹೊರುವವರು ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಳ್ಳುತ್ತಾರಲ್ಲ, ಅವಳ ಚಿಪ್ಪು ಹಾಗೇ ಸುತ್ತಿಕೊಂಡಿತ್ತು. ಅದಕ್ಕೇ ಆ ಹೆಸರು. ಆಗ ಅವಳಿಗೆ ಕೋಡು ಇರಲಿಲ್ಲ. ಕಣ್ಣುಗಳು ಎರಡು ಸಾಸಿವೆ ಕಾಳಿನ ಹಾಗೆ ಮುಖಕ್ಕೇ ಅಂಟಿಕೊಂಡಿದ್ದವು.

ಸಿಂಬಿಯ ಕುಳಿಯನ್ನು ತುಂಬಿಕೊಟ್ಟವನು ಗಾಳಿಯಣ್ಣ. ಅತ್ತಿಮರದ ಬುಡದಿಂದ ಕಪ್ಪು ಮಣ್ಣು ತಂದ. ಮೇಲೆ ಒಣಗಿದ ಎಲೆ ಉದುರಿಸಿದ. ಮಳೆ ಬಂದು ಎಲ್ಲವನ್ನೂ ಹದವಾಗಿ ನೆನೆಸಿತು. ಸಿಂಬಿ ಅದರೊಳಗೆ ಮುಖ ತೂರಿಸಿದಳು. ತಂಪು! ಮೈಯನ್ನೂ ತೂರಿಸಿದಳು. ಮೆತ್ತಗೆ! ಚಿಪ್ಪು ಮುಳುಗುವಷ್ಟು ಆಳಕ್ಕೆ ಇಳಿದು ಕಣ್ತುಂಬ ನಿದ್ದೆ ಮಾಡಿದಳು.

ಎದ್ದು ಹೊರಗೆ ಬಂದವಳು ಪಕ್ಕದ ಕುಳಿಯನ್ನು ನೋಡಿಬಿಟ್ಟಳು.

ಪಕ್ಕದ ಕುಳಿ ಏಡವ್ವನದು. ಏಡವ್ವ ಎಂದರೆ ಹೊಳೆಯ ಏಡಿ. ಅವಳಿಗೆ ಹೊಳೆಯಮ್ಮ ತನ್ನ ತಳದಿಂದ ಬಿಳಿ ಮರಳು ತಂದು ತುಂಬಿಕೊಟ್ಟಿದ್ದಳು. ಎಳೆ ಬಿಸಿಲಿಗೆ ಆ ಮರಳು ಸಕ್ಕರೆಯ ಹಾಗೆ ಮಿನುಗುತ್ತಿತ್ತು.

ಸಿಂಬಿ ಕುಳಿಯ ಅಂಚಿನ ಮೇಲಿಂದ ಕತ್ತು ಚಾಚಿ ನೋಡಿದಳು. ಸಾಲದೆಂದು ಇನ್ನಷ್ಟು ಚಾಚಿದಳು. ಅವಳ ಕಣ್ಣು ಮುಖ ಬಿಟ್ಟು ಒಂದಿಷ್ಟು ಮೇಲೆ ಹೋಯಿತು. ಅವಳಿಗೆ ಅದು ಗೊತ್ತಾಗಲೇ ಇಲ್ಲ.

"ಅವಳಿಗೆ ಬೆಳ್ಳಗೆ ಹೊಳೆಯುವ ಮರಳು. ನನಗೆ ಮಾತ್ರ ಕೊಳೆತ ಎಲೆ!" ಎಂದುಕೊಂಡಳು. ಹೊಟ್ಟೆಯೊಳಗೆ ಏನೋ ಚುರುಕ್ ಎಂದಿತು. ಆಮೇಲೆ ಎಷ್ಟು ತಂಪಿನಲ್ಲಿ ಮಲಗಿದರೂ ಆ ಚುರುಕು ಹೋಗಲಿಲ್ಲ.

ಸಿಂಬಿ ಹೊಳೆಯಮ್ಮನ ಹತ್ತಿರ ಹೋದಳು. "ಹೊಳೆಯಮ್ಮ, ನನಗೂ ಅಂಥ ಮರಳು ಕೊಡು."

"ಅಷ್ಟು ಬೆಳ್ಳಗಿನದು ನನ್ನಲ್ಲಿ ಇದ್ದಿದ್ದೇ ಒಂದು ಕುಳಿಯಷ್ಟು. ಅದನ್ನು ಏಡವ್ವನಿಗೆ ಕೊಟ್ಟುಬಿಟ್ಟೆನಲ್ಲೇ," ಎಂದಳು ಹೊಳೆಯಮ್ಮ.

ಸಿಂಬಿ ಸುಮ್ಮನೆ ವಾಪಸು ಬರಬಹುದಿತ್ತು. ಆದರೆ ಹೊಟ್ಟೆಯ ಚುರುಕು ಬಾಯಿಗೆ ಬಂತು. "ಅಯ್ಯೋ, ಏಡವ್ವನ ವಿಷಯ ನಿನಗೆ ಗೊತ್ತಿಲ್ಲ! ನಿನ್ನ ಮರಳು ಮುಳ್ಳಿನ ಹಾಗೆ ಚುಚ್ಚುತ್ತದಂತೆ. ಹೊಳೆಗೆ ಕೊಡುವುದಕ್ಕೂ ಬುದ್ಧಿ ಇಲ್ಲ ಎಂದು ಎಲ್ಲರ ಮುಂದೆ ಆಡಿಕೊಂಡು ನಗುತ್ತಿದ್ದಾಳೆ."

ಏಡವ್ವ ಹಾಗೆ ಹೇಳಿರಲಿಲ್ಲ. ಒಂದು ಮಾತೂ ಹೇಳಿರಲಿಲ್ಲ.

ಹೊಳೆಯಮ್ಮನಿಗೆ ಮೊದಲೇ ಮುಂಗೋಪ. ಭರ್ರೆಂದು ಬಂಡೆಯ ಮೇಲೆ ಹತ್ತಿದಳು. ಏಡವ್ವನ ಕುಳಿಯಿಂದ ಮರಳನ್ನೆಲ್ಲ ಬಾಚಿ ತೆಗೆದಳು. "ನಿನಗೆ ನನ್ನ ಮರಳು ಬೇಡ ತಾನೆ? ಬೇಕೆನ್ನುವವರಿಗೆ ಕೊಡುತ್ತೇನೆ!"

"ಯಾರು ಬೇಡ ಅಂದರು? ನಾನೇನು ಮಾಡಿದೆ?" ಏಡವ್ವ ಇಕ್ಕಳದಂಥ ಕೊಂಡಿಗೈ ಎತ್ತಿ ಕೂಗಿದಳು. ನೀರಿನ ಸದ್ದಿಗೆ ಅವಳ ಮಾತು ಯಾರಿಗೂ ಕೇಳಿಸಲಿಲ್ಲ. ಖಾಲಿ ಕುಳಿಯಲ್ಲಿ ಇರಲಾರದೆ ಅವಳು ಅಳುತ್ತಾ ಇಳಿದುಹೋಗಿ, ಹೊಳೆಯ ದಡದ ಕೆಸರಿನಲ್ಲಿ ಬಿಲ ತೋಡಿಕೊಂಡಳು.

ಸಿಂಬಿ ಗಾಳಿಯಣ್ಣನನ್ನು ಕರೆದಳು. "ಈ ಕಪ್ಪು ಮಣ್ಣನ್ನು ಎತ್ತಿ ಎಲ್ಲಾದರೂ ಬಿಸಾಡು."

"ಚೆನ್ನಾಗಿದೆಯಲ್ಲೇ?"

"ನಿನಗೇನು ಗೊತ್ತು, ಬಿಸಾಡು."

ಗಾಳಿಯಣ್ಣ ಮಣ್ಣನ್ನೂ ಎಲೆಯನ್ನೂ ಎತ್ತಿ ಬಂಡೆಯ ತುದಿಗೆ ಎಸೆದ. ಅಲ್ಲಿ ಒಂದು ಸೀಳುಬಿಟ್ಟ ಕುಳಿ ಇತ್ತು. ಯಾರಿಗೂ ಬೇಡವಾದ ಆ ಕುಳಿ, ಎಲ್ಲರಿಗಿಂತ ಕೊನೆಗೆ ಬಂದ ಎರೆಯಪ್ಪನ ಪಾಲಾಗಿತ್ತು. ಎರೆಯಪ್ಪ ಒಂದು ಎರೆಹುಳು. ಮೈಮೇಲೆ ಮಣ್ಣು ಬಿದ್ದಾಗ ಅವನು ಬೆಚ್ಚಿಬಿದ್ದ, ಮೂಸಿ ನೋಡಿದ, ಆಮೇಲೆ ಖುಷಿಯಿಂದ ಒಳಗೆ ನುಗ್ಗಿದ.

ಇತ್ತ ಸಿಂಬಿ, ಹೊಳೆಯಮ್ಮ ತಂದು ಸುರಿದ ಬಿಳಿ ಮರಳಿನ ಮೇಲೆ ರಾಣಿಯ ಹಾಗೆ ಕೂತಳು. ಬೆಳಗ್ಗೆ ಚೆನ್ನಾಗಿಯೇ ಇತ್ತು. ಬಿಸಿಲೇರಿದಂತೆ ಮರಳಿನ ತೇವವೆಲ್ಲ ತಳಕ್ಕೆ ಇಳಿದುಹೋಯಿತು. ಒಣ ಮರಳು ಹೊಟ್ಟೆಗೆ ಅಂಟಿಕೊಂಡು ಉಜ್ಜತೊಡಗಿತು. ಒಳಗೆ ಇಳಿಯೋಣವೆಂದು ತಲೆ ತೂರಿಸಿದರೆ ಮರಳು ಜಾರಿ ಜಾರಿ ಕುಸಿಯಿತು. ಸಿಂಬಿಗೆ ಉಸಿರು ಕಟ್ಟಿತು.

"ತಪ್ಪು ನನ್ನದಲ್ಲ, ಮರಳಿನದು," ಎಂದುಕೊಂಡಳು. ಕತ್ತು ಚಾಚಿ ಇನ್ನೊಂದು ಕಡೆ ನೋಡಿದಳು.

ಆ ಕಡೆ ಗೌಜಕ್ಕನ ಕುಳಿ. ಗೌಜಕ್ಕ ಒಂದು ಗೌಜಲಹಕ್ಕಿ. ಅವಳ ಕುಳಿಯ ತುಂಬ ಬಣ್ಣ ಬಣ್ಣದ ನುಣುಪು ಕಲ್ಲುಗಳು. ಒಂದು ಕೆಂಪು, ಒಂದು ಹಸಿರು, ಒಂದು ಬೆಣ್ಣೆಯ ಬಣ್ಣದ್ದು. ಸಿಂಬಿಯ ಹೊಟ್ಟೆ ಮತ್ತೆ ಚುರುಕ್ ಎಂದಿತು. ಕಣ್ಣು ಮತ್ತೆ ಒಂದಿಷ್ಟು ಮೇಲೆ ಹೋಯಿತು.

ಈ ಸಲ ಅವಳು ಸುಳ್ಳು ಹೇಳಬೇಕಾಗಲಿಲ್ಲ. ಗೌಜಕ್ಕ ಮೊಟ್ಟೆ ಇಟ್ಟು ಕಾವು ಕೊಡುತ್ತಿದ್ದಳು. ಮೊಟ್ಟೆಯ ಕೆಳಗಿನ ಕಲ್ಲು ಸಾಕೆಂದು, ಉಳಿದವನ್ನೆಲ್ಲ ಕಾಲಿನಿಂದ ಈ ಕಡೆ ಕೆದರಿಬಿಟ್ಟಳು. "ತೊಗೊಳ್ಳೇ ತಾಯಿ. ಆದರೆ ನಿನಗೆ ಯಾಕೆ ಕಲ್ಲು? ನಿನ್ನ ಮೈ ನೋಡಿದರೆ ಬೆಣ್ಣೆಯ ಹಾಗಿದೆ."

"ನಿನಗೆ ಇರಬಹುದು, ನನಗೆ ಇರಬಾರದಾ?" ಎಂದಳು ಸಿಂಬಿ.

ಮರಳನ್ನು ಗಾಳಿಗೆ ಹಾರಿಸಿ, ಕಲ್ಲು ಹಾಸಿಕೊಂಡಳು. ಬಣ್ಣ ಬಣ್ಣದ ಕುಳಿಯನ್ನು ಮೇಲಿಂದ ನೋಡಬೇಕೆಂದು ಅಂಚು ಹತ್ತಿದಳು. ನೋಡುತ್ತಾ ನೋಡುತ್ತಾ ಜಾರಿ ದೊಪ್ಪನೆ ಬಿದ್ದಳು. ಕಪ್ಪು ಮಣ್ಣಿನ ಮೇಲೆ ಬಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಕಲ್ಲಿನ ಮೇಲೆ ಬಿದ್ದದ್ದಕ್ಕೆ ಚಿಪ್ಪಿನ ಅಂಚು ಚಟ್ಟೆಂದು ಮುರಿಯಿತು.

ಅದೇ ಹೊತ್ತಿಗೆ ಅವಳಿಗೆ ಮೊಟ್ಟೆ ಇಡುವ ಕಾಲ ಬಂತು. ಮಣ್ಣಿಲ್ಲ, ಹೂಳಲು ಜಾಗವಿಲ್ಲ. ಕಲ್ಲುಗಳ ಸಂದಿಯಲ್ಲೇ ಇಟ್ಟಳು. ಸಾಬಕ್ಕಿಯ ಹಾಗೆ ಬೆಳ್ಳಗೆ, ದುಂಡಗೆ, ಒಂದರ ಪಕ್ಕ ಒಂದು. ಅವುಗಳನ್ನು ನೋಡಿದಾಗ ಸಿಂಬಿ ಮೊದಲ ಬಾರಿಗೆ ಬೇರೆಯವರ ಕುಳಿಯನ್ನು ಮರೆತಳು.

ಆದರೆ ಬಿಸಿಲು ಮರೆಯಲಿಲ್ಲ. ಕಲ್ಲು ಕಾಯಿತು. ಹೊಳೆಯುತ್ತಿದ್ದ ಮೊಟ್ಟೆಗಳು ಮಂಕಾದವು. ಒಂದು ಮೊಟ್ಟೆಯ ಮೇಲೆ ಸಣ್ಣ ಗುಳಿ ಬಿತ್ತು. ಆಮೇಲೆ ಇನ್ನೊಂದರ ಮೇಲೆ.

ಸಿಂಬಿ ಮೈಚಾಚಿ ನೆರಳು ಮಾಡಿದಳು. ಅವಳ ನೆರಳು ಎಷ್ಟರದು? ತನ್ನ ಮೈಯ ಲೋಳೆಯನ್ನೇ ಸವರಿದಳು. ಅದೂ ಒಣಗಿತು. "ಗಾಳಿಯಣ್ಣ!" ಎಂದು ಕೂಗಿದಳು. ಗಾಳಿಯಣ್ಣ ಆಗ ಎಲ್ಲೋ ದೂರದ ಸಮುದ್ರದ ಮೇಲೆ ಇದ್ದ.

ದಿಕ್ಕು ತೋಚದೆ ಸುತ್ತ ನೋಡಿದಾಗ ಬಂಡೆಯ ತುದಿಯ ಸೀಳು ಕುಳಿ ಅವಳಿಗೆ ಕಾಣಿಸಿತು. ಅಲ್ಲಿ ಹಸಿರು ತುಂಬಿತ್ತು! ಕಪ್ಪು ಮಣ್ಣಿನಿಂದ ಎಳೆ ಜರಿಗಿಡ ತಲೆ ಎತ್ತಿತ್ತು. ಎಲೆಗಳ ಕೆಳಗೆ ನೆರಳು, ನೆರಳಿನ ಕೆಳಗೆ ತೇವ. ಎರೆಯಪ್ಪ ಅಲ್ಲಿ ಏನೋ ಗುನುಗಿಕೊಂಡು ಮಣ್ಣು ಮಗುಚುತ್ತಿದ್ದ.

ಅದು ಅವಳದೇ ಮಣ್ಣು. ಅವಳದೇ ಎಲೆ. ಏಡವ್ವನ ಮರಳು ಕಂಡಾಗ ಆಗದ ಉರಿ, ಗೌಜಕ್ಕನ ಕಲ್ಲು ಕಂಡಾಗ ಆಗದ ಉರಿ ಈಗ ಆಯಿತು. ಕಣ್ಣು ಚಾಚಿತು, ಚಾಚಿತು, ಎರಡು ಉದ್ದನೆಯ ಕೋಡಿನ ತುದಿಗೆ ಹೋಗಿ ನಿಂತಿತು.

ಸುಡುವ ಬಂಡೆಯ ಮೇಲೆ ಹೊಟ್ಟೆ ಎಳೆದುಕೊಂಡು ಸಿಂಬಿ ಅಲ್ಲಿಗೆ ಹೋದಳು. "ಎರೆಯಪ್ಪ, ಅದು ನನ್ನ ಮಣ್ಣು! ವಾಪಸು ಕೊಡು!"

ಎರೆಯಪ್ಪ ಮುಖ ಎತ್ತಿದ. ಅವನಿಗೆ ಕಣ್ಣೇ ಇರಲಿಲ್ಲ. "ಯಾರು, ಸಿಂಬಿಯಾ? ಬಾ ಒಳಗೆ. ನಿನ್ನದೇ ಇರಬಹುದಪ್ಪ. ಮೇಲಿಂದ ಬಿತ್ತು, ಹಾಸಿಕೊಂಡೆ. ಯಾಕೆ ಬಿಸಾಡಿದೆ? ಚುಚ್ಚುತ್ತಿತ್ತಾ?"

"ಇಲ್ಲ."

"ಸುಡುತ್ತಿತ್ತಾ?"

"ಇಲ್ಲ."

"ಮತ್ತೆ?"

ಸಿಂಬಿ ಸಣ್ಣ ದನಿಯಲ್ಲಿ, "ಏಡವ್ವನದು ಹೊಳೆಯುತ್ತಿತ್ತು," ಎಂದಳು.

"ಓಹೋ. ನನಗೆ ಹೊಳೆಯುವುದು ಕಾಣಿಸುವುದಿಲ್ಲ ನೋಡು. ಹೊಟ್ಟೆಗೆ ಹಿತವಾಗುತ್ತದಾ ಎಂದು ಮಾತ್ರ ನೋಡುತ್ತೇನೆ. ನೀನೂ ನನ್ನ ಹಾಗೆ ಹೊಟ್ಟೆಯ ಮೇಲೆ ನಡೆಯುವವಳೇ ಅಲ್ಲವಾ?"

ಅವಳು ಎಲ್ಲಿದ್ದಾಳೆಂದು ತಿಳಿಯಲು ಎರೆಯಪ್ಪ ಮೆಲ್ಲಗೆ ಮುಂದೆ ಬಂದ. ಅವನ ಮೂತಿ ಸಿಂಬಿಯ ಕಣ್ಣಿನ ತುದಿಗೆ ತಾಗಿತು. "ಇದೇನೇ ಸಿಂಬಿ, ಇಷ್ಟುದ್ದ? ಮುಖ ಎಲ್ಲೋ, ಕಣ್ಣು ಎಲ್ಲೋ!"

ಸಿಂಬಿಗೆ ಆಗಲೇ ಗೊತ್ತಾಗಿದ್ದು. ನಾಚಿಕೆಯಿಂದ ಅವಳ ಮೈಯೆಲ್ಲ ಮುದುಡಿತು. ಕಣ್ಣು ಎರಡೂ ಸರಕ್ಕೆಂದು ಒಳಗೆ ಹೋದವು.

"ಎರೆಯಪ್ಪ, ನನ್ನ ಮೊಟ್ಟೆ ಒಣಗುತ್ತಿವೆ," ಎಂದು ಅತ್ತಳು. "ಒಂದು ಮೂಲೆ ಕೊಡು. ನನಗೆ ಬೇಡ, ಅವುಗಳಿಗೆ ಕೊಡು."

"ಮೂಲೆ ಯಾಕೆ, ನಡುವೆಯೇ ಇಡು. ಮಣ್ಣು ಸರಿಯಾಗಿದೆ. ಒದ್ದೆ ಇದೆ, ಆದರೆ ನೀರು ನಿಂತಿಲ್ಲ. ಆದರೆ ಹೊತ್ತು ತರುವವರು ಯಾರು? ನನಗೆ ಕೈಯಿಲ್ಲ, ನಿನಗೂ ಕೈಯಿಲ್ಲ."

ಕೈ ಇದ್ದದ್ದು ಒಬ್ಬಳಿಗೆ ಮಾತ್ರ. ಸಿಂಬಿಗೆ ಅದು ಗೊತ್ತಿತ್ತು. ಬಂಡೆ ಇಳಿದು ಹೊಳೆಯ ದಡಕ್ಕೆ ಹೋಗಿ, ಕೆಸರಿನ ಬಿಲದ ಮುಂದೆ ನಿಂತಳು.

"ಏಡವ್ವ, ನಿನ್ನ ಮೇಲೆ ಚಾಡಿ ಹೇಳಿದವಳು ನಾನು. ಹೊಟ್ಟೆಕಿಚ್ಚಿಗೆ ಹೇಳಿದೆ."

ದಂಡೆಯ ಪಕ್ಕ ಹರಿಯುತ್ತಿದ್ದ ಹೊಳೆಯಮ್ಮ ಅದನ್ನು ಕೇಳಿ ಗಕ್ಕನೆ ನಿಂತಳು. ಅವಳ ಮುಖ ಕಪ್ಪಿಟ್ಟಿತು.

"ನನ್ನನ್ನು ಏನು ಬೇಕಾದರೂ ಮಾಡು. ಮೊಟ್ಟೆಗಳನ್ನು ಮಾತ್ರ ಎರೆಯಪ್ಪನ ಮಣ್ಣಿಗೆ ಮುಟ್ಟಿಸು. ಅವು ಯಾರಿಗೂ ಏನೂ ಮಾಡಿಲ್ಲ," ಎಂದಳು ಸಿಂಬಿ.

ಏಡವ್ವ ಹೊರಗೆ ಬಂದಳು. ಕೊಂಡಿಗಳನ್ನು ಒಮ್ಮೆ ಕಟಕಟ ಅನ್ನಿಸಿದಳು. ಸಿಂಬಿ ಚಿಪ್ಪಿನೊಳಗೆ ಅವಿತುಕೊಳ್ಳದೆ ಹಾಗೇ ನಿಂತಳು.

"ಮೊಟ್ಟೆ ಹೊರುತ್ತೇನೆ. ನಿನ್ನ ಮುಖ ಮಾತ್ರ ನೋಡುವುದಿಲ್ಲ," ಎಂದಳು ಏಡವ್ವ.

ಹಾಗೆ ಹೇಳಿ ಮುಖ ತಿರುಗಿಸಿಕೊಂಡು ಅಡ್ಡಡ್ಡ ನಡೆದಳು. ಅಡ್ಡಡ್ಡವೇ ಬಂಡೆ ಹತ್ತಿದಳು. ಗಟ್ಟಿ ಕೊಂಡಿಯಲ್ಲಿ ಒಂದೊಂದೇ ಮೊಟ್ಟೆಯನ್ನು ಹೂವಿನ ಹಾಗೆ ಹಿಡಿದು, ಅಡ್ಡಡ್ಡವೇ ಹೊತ್ತು ಎರೆಯಪ್ಪನ ಕುಳಿಗೆ ತಂದಳು. ಎರೆಯಪ್ಪ ಗುಂಡಿ ಮಾಡಿದ. ಸಿಂಬಿ ಮಣ್ಣು ಮುಚ್ಚಿದಳು, ಮೇಲೆ ಎಲೆ ಎಳೆದಳು. ಹೊಳೆಯಮ್ಮ ದೂರದಿಂದಲೇ ತುಂತುರು ಚಿಮುಕಿಸಿದಳು.

ಗುಳಿ ಬಿದ್ದಿದ್ದ ಕೆಲವು ಮೊಟ್ಟೆಗಳು ಒಡೆಯಲೇ ಇಲ್ಲ. ಸಿಂಬಿ ಅವುಗಳ ಪಕ್ಕ ಬಹಳ ಹೊತ್ತು ಕೂತಿದ್ದಳು. ಉಳಿದವುಗಳಿಂದ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಚಿಪ್ಪು ಹೊತ್ತ ಪುಟ್ಟ ಮರಿಗಳು ಹೊರಬಂದವು. ಆ ಹೊತ್ತಿಗೆ ಗೌಜಕ್ಕನ ಮರಿಗಳೂ ಹೊರಬಂದಿದ್ದವು. ಅವಳು ಒಡೆದ ಮೊಟ್ಟೆಯ ಸಿಪ್ಪೆಯನ್ನು ಕೊಕ್ಕಿನಲ್ಲಿ ಪುಡಿಮಾಡಿ ತಂದು ಮಣ್ಣಿನ ಮೇಲೆ ಉದುರಿಸಿದಳು. "ನೆಕ್ಕಿಕೊಳ್ಳಿ. ಚಿಪ್ಪು ಗಟ್ಟಿಯಾಗುತ್ತದೆ," ಎಂದಳು. ಸಿಂಬಿಯೂ ನೆಕ್ಕಿದಳು. ಅವಳ ಮುರಿದ ಅಂಚು ನಿಧಾನವಾಗಿ ಕೂಡಿಕೊಂಡಿತು.

ಹೊಳೆಯಮ್ಮ ಏಡವ್ವನಿಗೆ ಬೇರೆ ಮರಳು ಕೊಡಲು ಬಂದಳು. ಏಡವ್ವ ಬೇಡವೆಂದಳು. ಕೆಸರಿನ ಬಿಲ ಅಷ್ಟು ಹೊತ್ತಿಗೆ ಅವಳಿಗೆ ರೂಢಿಯಾಗಿತ್ತು. ಸಿಂಬಿಯನ್ನು ಕ್ಷಮಿಸಿದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಏಕೆಂದರೆ ಅವಳು ಇವತ್ತಿನವರೆಗೂ ನೇರ ನಡೆದಿಲ್ಲ.

ಸಿಂಬಿಯ ಕಣ್ಣುಗಳು ಮಾತ್ರ ಮುಖಕ್ಕೆ ವಾಪಸು ಬರಲಿಲ್ಲ. ಕೋಡಿನ ತುದಿಯಲ್ಲೇ ಉಳಿದವು. ಪಕ್ಕದ ಕುಳಿಯಲ್ಲಿ ಏನಾದರೂ ಮಿನುಗಿದರೆ ಈಗಲೂ ಅವು ತಾವಾಗಿಯೇ ಚಾಚುತ್ತವೆ. ಆಗ ಅವಳು ಅವುಗಳನ್ನು ಒಳಗೆಳೆದುಕೊಂಡು ಮಣ್ಣಿಗಿಳಿಯುತ್ತಾಳೆ.

ಅದಕ್ಕೇ ಮಗು, ನೀನು ಗಾಜಿನ ತೊಟ್ಟಿಯಲ್ಲಿ ಬಸವನಹುಳು ಸಾಕುವಾಗ ಮರಳನ್ನೂ ಬಣ್ಣದ ಕಲ್ಲನ್ನೂ ಬದಿಗಿಟ್ಟು, ತೇವದ ಕಪ್ಪು ಮಣ್ಣು ಆಳವಾಗಿ ಹಾಸಿ ಒಣಗಿದೆಲೆ ಹೊದಿಸಿದರೆ, ಅದು ಗಾಜಿನಾಚೆಗೆ ಉದ್ದಕ್ಕೆ ಕಣ್ಣು ಚಾಚಿ ನೋಡುತ್ತದೆ, ನಿನ್ನ ಬೆರಳು ತಾಗಿದೊಡನೆ ನಾಚಿ ಕಣ್ಣನ್ನು ಒಳಗೆಳೆದುಕೊಳ್ಳುತ್ತದೆ, ಆಮೇಲೆ ಮೆಲ್ಲಗೆ ಆ ಮಣ್ಣಿನಲ್ಲಿ ಮುಖ ಹುದುಗಿಸಿ ಮಲಗುತ್ತದೆ.