ಅರೆಯದೆ ಹಾಕಿದ ಮೊಟ್ಟೆಸಿಪ್ಪೆ

"ತಾತ, ಉಪಕಾರ ಮಾಡಿದವನಿಗೇ ಯಾಕೆ ಏಟು ಬೀಳುತ್ತದೆ?"

ಚಿಕ್ಕರಂಗೇಗೌಡರು ಜಗುಲಿ ಹತ್ತುವ ಮೊದಲೇ ಕೇಳಿಬಿಟ್ಟರು. ತಾತ ಮೊರದ ತುಂಬ ನೆನೆದ ಅವರೆಕಾಳು ಇಟ್ಟುಕೊಂಡು ಹಿತುಕುತ್ತಿದ್ದರು. ಸುತ್ತಲ ಹಳ್ಳಿಯವರು ಅವರನ್ನು ಗುರು ಎಂದು ನಂಬಿದ್ದರು, ಎದುರಿಗೆ ಬಂದಾಗ ಮಾತ್ರ ತಾತ ಎನ್ನುತ್ತಿದ್ದರು. ಅದೇ ಅವರಿಗೂ ಇಷ್ಟ.

"ಕೈ ತೊಳೆದುಕೊಂಡು ಬಂದು ಕೂತ್ಕೊ. ಕೇಳುವವನಿಗೂ ಒಂದು ಕೆಲಸ ಇರಲಿ" ಎಂದು ಮೊರವನ್ನು ಇಬ್ಬರ ನಡುವೆ ಸರಿಸಿದರು.

ಗೌಡರು ಕೂತರು. ಕಾಳು ಹಿತುಕುತ್ತಲೇ ಹೇಳಿಕೊಂಡರು.

"ನಮ್ಮ ಬೀದಿಯ ಮಾಯಮ್ಮ ಗಂಡನನ್ನು ಕಳೆದುಕೊಂಡವಳು. ಹೊಲಿಗೆ ಬಲ್ಲಳು, ಮಿಷನ್ನು ಇರಲಿಲ್ಲ. ನಾನೇ ಪೇಟೆಗೆ ಹೋಗಿ ಹೊಚ್ಚ ಹೊಸದು ತಂದೆ. ಹಿತ್ತಾಳೆ ತಗಡಿನಲ್ಲಿ 'ಶ್ರೀ ಚಿಕ್ಕರಂಗೇಗೌಡರ ಕೊಡುಗೆ' ಎಂದು ಕೆತ್ತಿಸಿ, ಅದನ್ನು ಮಿಷನ್ನಿನ ಮುಂದುಗಡೆಗೇ ಕೂರಿಸಿ, ಊರವರನ್ನೆಲ್ಲ ಕರೆದು ಅರಿಸಿನ ಕುಂಕುಮ ಹಚ್ಚಿ ಕೊಟ್ಟೆ. ಮೊದಮೊದಲು ಕಂಡಲ್ಲೆಲ್ಲ ಕೈ ಮುಗಿಯುತ್ತಿದ್ದಳು. ಬರಬರುತ್ತಾ ನನ್ನನ್ನು ಕಂಡರೆ ಅಡ್ಡದಾರಿ ಹಿಡಿದಳು. ನಿನ್ನೆ ಗಾಡಿಯಲ್ಲಿ ಹಾಕಿಸಿಕೊಂಡು ಬಂದು ಮಿಷನ್ನನ್ನು ನನ್ನ ಪಡಸಾಲೆಯಲ್ಲಿ ಇಳಿಸಿ ಹೋದಳು. 'ಬೇಡ ಗೌಡ್ರೇ' ಅಂದಳು, ಅಷ್ಟೇ. ನಾನು ಕೆಟ್ಟದ್ದು ಬಯಸಲಿಲ್ಲ ತಾತ. ಅವಳ ಮನೆಯಲ್ಲಿ ಒಲೆ ಉರಿಯಲಿ ಅಂತಲೇ ಕೊಟ್ಟೆ."

ಅವರ ಕೈಯಲ್ಲಿದ್ದ ಕಾಳು ಸಿಪ್ಪೆಯ ಸಮೇತ ಬಟ್ಟಲಿಗೆ ಬಿತ್ತು. ತಾತ ಅದನ್ನು ಹೆಕ್ಕಿ ಮೊರಕ್ಕೆ ಹಾಕಿದರು.

"ಇನ್ನು ಮೇಲೆ ಯಾರಿಗೂ ಏನೂ ಕೊಡುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ. ಸರಿಯೋ ತಪ್ಪೋ ನೀವೇ ಹೇಳಿ."

"ಸರಿತಪ್ಪು ಆಮೇಲೆ ನೋಡೋಣ. ಈಗ ಒಂದು ಕೋಳಿಯ ಕತೆ ಕೇಳು. ಮೂಗು ಮುರಿಯಬೇಡ ಮತ್ತೆ. ಕೋಳಿಗೂ ಕೊಡುವವರು ಇರುತ್ತಾರೆ" ಎಂದು ತಾತ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ರೈತ. ಅವನ ಹೆಂಡತಿ ಸಣ್ಣತಾಯಮ್ಮ. ಕೈ ದೊಡ್ಡದು, ಬಾಯಿ ಅದಕ್ಕಿಂತ ಸ್ವಲ್ಪ ದೊಡ್ಡದು. ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಿದ್ದಳು. ಅದರಲ್ಲಿ ಕೆಂಚಿ ಎನ್ನುವ ಹೇಂಟೆಯ ಮೇಲೆ ಅವಳಿಗೆ ಎಲ್ಲಿಲ್ಲದ ಪ್ರೀತಿ. ತಾಯಿಕೋಳಿಯನ್ನು ಹದ್ದು ಎತ್ತಿಕೊಂಡು ಹೋದಾಗ ಅವಳೇ ಸೆರಗಿನಲ್ಲಿ ಕಟ್ಟಿಕೊಂಡು ಬೆಳೆಸಿದ ಮರಿ ಅದು. ಉಳಿದವು ಇಟ್ಟರೆ ಇಟ್ಟವು, ಬಿಟ್ಟರೆ ಬಿಟ್ಟವು. ಕೆಂಚಿ ಮಾತ್ರ ಮೊಟ್ಟೆ ತಪ್ಪಿಸುತ್ತಿರಲಿಲ್ಲ.

ಆ ವರ್ಷ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆರಿಗೆ ಕಷ್ಟದ್ದಾಗಿತ್ತು. ಹುಡುಗಿ ಬಿಳಿಚಿಕೊಂಡಿದ್ದಳು, ಎದ್ದು ನಿಂತರೆ ಕಣ್ಣು ಕತ್ತಲೆ. ದಿನಾ ನಾಟಿಮೊಟ್ಟೆ ಕೊಡಿ ಎಂದು ಸೂಲಗಿತ್ತಿ ಹೇಳಿ ಹೋಗಿದ್ದಳು. ಸಣ್ಣತಾಯಮ್ಮನಿಗೆ ಏನು ಯೋಚನೆ? ಕೆಂಚಿ ಇತ್ತಲ್ಲ.

ಒಂದು ಬೆಳಗ್ಗೆ ಮೊಟ್ಟೆಯಿಡಲು ಹುಲ್ಲು ಹಾಸಿದ್ದ ಮಂಕರಿಗೆ ಕೈ ಹಾಕಿದರೆ ಮೊಟ್ಟೆ ಮೆತ್ತಗೆ ಸಿಕ್ಕಿತು. ಮೇಲೆ ಚಿಪ್ಪೇ ಇಲ್ಲ, ಬರೀ ತೊಗಲು. ಮಾರನೆಯ ದಿನ ಚಿಪ್ಪು ಇತ್ತು, ಎತ್ತುವಾಗ ಬೆರಳಿನಲ್ಲೇ ಕುಸಿಯಿತು. ಅಯ್ಯೋ ದೇವರೇ, ಯಾರ ಕಣ್ಣು ಬಿತ್ತೋ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೊಟ್ಟೆ ಗಟ್ಟಿಯಾಗಲಿಲ್ಲ.

ಸಂತೆಯಲ್ಲಿ ಮೊಟ್ಟೆ ಮಾರುವವನೊಬ್ಬ ಸಿಕ್ಕಿದ. "ಕೋಳಿಗೆ ಸುಣ್ಣದ ಅಂಶ ಸಾಲದು ಕಣಮ್ಮ. ದಿನಾ ಒಂದೊಂದು ಚಿಪ್ಪು ಕಟ್ಟಿ ಕಟ್ಟಿ ಅದರ ಮೈಯಲ್ಲಿದ್ದದ್ದು ಬರಿದಾಗಿದೆ. ಮೊಟ್ಟೆಸಿಪ್ಪೆಯನ್ನೇ ಹಾಕಿ" ಎಂದ. ಹೇಗೆ ಹಾಕಬೇಕು ಎಂದು ಅವಳು ಕೇಳಲಿಲ್ಲ. ಕೇಳುವುದಕ್ಕೆ ಏನಿದೆ? ಹಾಕುವುದು ಅವಳಿಗೆ ಹೊಸದೇ?

ಅಂದಿನಿಂದ ಮಗಳಿಗೆ ಮೊಟ್ಟೆ ಒಡೆದ ಕೂಡಲೇ ಎರಡು ಹೋಳು ಸಿಪ್ಪೆ ಹಿಡಿದು ಹಿತ್ತಲಿಗೆ ಬರುವಳು. ಬಾ ಬಾ ಬಾ ಎಂದು ಕೂಗುವಳು. ಕೋಳಿಗಳು ಓಡಿ ಬಂದ ಮೇಲೂ ಸುಮ್ಮನೆ ಹಾಕುತ್ತಿರಲಿಲ್ಲ. ಸಿಪ್ಪೆಯನ್ನು ಎತ್ತಿ ಹಿಡಿದು, "ನೋಡ್ರೇ, ಮೊಟ್ಟೆ ನೋಡ್ರೇ. ಯಾವ ಮನೆಯಲ್ಲಿ ಹಾಕುತ್ತಾರೆ ಹೇಳಿ ಇದನ್ನು? ಈ ತಾಯಿ ಇರುವ ಹೊತ್ತಿಗೆ ಬದುಕಿದ್ದೀರಿ" ಎಂದು ಉಪಕಾರ ಹೇಳಿಕೊಂಡೇ ಕೆಳಗೆ ಹಾಕುವಳು. ಬೇಲಿಯಾಚೆಯ ನೆರೆಯವಳಿಗೂ ಕೇಳಬೇಕು, ಆ ದನಿಯಲ್ಲಿ.

ಕೆಂಚಿಯ ಮೊಟ್ಟೆ ಒಂದಿಷ್ಟು ಗಟ್ಟಿಯಾಯಿತು. ಸಣ್ಣತಾಯಮ್ಮನಿಗೆ ಸಂತೋಷವೋ ಸಂತೋಷ.

ಆಮೇಲೆ ಮೊಟ್ಟೆಯೇ ಕಾಣೆಯಾಗತೊಡಗಿತು. ಮಂಕರಿಯಲ್ಲಿ ಒದ್ದೆ ಹುಲ್ಲು ಮಾತ್ರ. ಮೊದಲ ದಿನ ಹಾವೆಂದಳು, ಮರುದಿನ ಮುಂಗುಸಿ ಎಂದಳು. ಮೂರನೆಯ ದಿನ ಬಾಗಿಲ ಸಂದಿಯಲ್ಲಿ ನಿಂತು ಕಾದಳು. ಕೆಂಚಿ ಮೊಟ್ಟೆ ಇಟ್ಟಿತು. ಎದ್ದು ನಿಂತಿತು. ತಿರುಗಿ ನೋಡಿತು. ತಾನಿಟ್ಟ ಮೊಟ್ಟೆಯನ್ನು ತಾನೇ ಕುಕ್ಕಿ ಒಡೆದು, ಲೋಳೆ, ಹಳದಿ ಒಂದೂ ಬಿಡದೆ ತಿಂದಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಸಿಟ್ಟಿಗಿಂತ ಹೆಚ್ಚಾಗಿ ಸಣ್ಣತಾಯಮ್ಮನಿಗೆ ನೋವಾಯಿತು. ಸೆರಗಿನಲ್ಲಿಟ್ಟು ಸಾಕಿದೆ, ಯಾರೂ ಹಾಕದ್ದನ್ನು ಹಾಕಿದೆ, ನನ್ನ ಬಾಣಂತಿಯ ಬಾಯಿಯ ತುತ್ತನ್ನೇ ಕಸಿದುಕೊಂಡಿತಲ್ಲ ಎಂದು ಅತ್ತಳು.

ಗಂಡ ಕಡಿಮೆ ಮಾತಿನವನು. "ಚಟ ಹತ್ತಿದ ಕೋಳಿ ಬಿಡುವುದಿಲ್ಲ. ಬೇರೆಯವಕ್ಕೂ ಕಲಿಸುತ್ತದೆ. ಸಾರಿಗೆ ಹಾಕು" ಎಂದ. ಅವಳೂ ಹೂಂ ಎಂದಳು. ಉಂಡ ಮನೆಗೆ ಎರಡು ಬಗೆದದ್ದನ್ನು ಇಟ್ಟುಕೊಂಡು ಏನು ಮಾಡುವುದು?

ಅವನು ಕೆಂಚಿಯನ್ನು ಹಿಡಿದು ಮಂಕರಿ ಕವುಚಿ, ಕತ್ತಿ ಮಸೆಯಲು ಹೋದ. ಅವಳು ಒರಳುಕಲ್ಲು ತೊಳೆದಳು. ಮಸಾಲೆಗೆ ಬೇಕಾದದ್ದನ್ನೆಲ್ಲ ಮೊರಕ್ಕೆ ತೆಗೆದಿಟ್ಟಳು. ಅಷ್ಟರಲ್ಲಿ ಮಗಳಿಗೆ ಹೊತ್ತಾಯಿತೆಂದು ನೆನಪಾಗಿ, ನೆರೆಮನೆಯಿಂದ ಕಡ ತಂದ ಮೊಟ್ಟೆಯನ್ನು ಒಡೆದಳು. ಅಭ್ಯಾಸ ಬಿಡುತ್ತದೆಯೇ? ಎರಡು ಹೋಳು ಹಿತ್ತಲಿಗೆ ಎಸೆದಳು. ಅವತ್ತು ಬಾಯಲ್ಲಿ ಮಾತಿರಲಿಲ್ಲ. ಮಾತಿಲ್ಲದ್ದರಿಂದಲೋ ಏನೋ, ಕಣ್ಣು ನೋಡಿತು.

ಒಂದು ಹೋಳು ಕವುಚಿ ಬಿದ್ದಿತ್ತು. ಬೆಳ್ಳಗೆ, ಗುಂಡಗೆ, ಥೇಟ್ ಮೊಟ್ಟೆಯೇ. ಉಳಿದ ಕೋಳಿಗಳು ಓಡಿ ಬಂದವು. ಒಂದು ಹೇಂಟೆ ಅದರ ನೆತ್ತಿಗೆ ಗುರಿಯಿಟ್ಟು ಕುಕ್ಕಿತು. ಕೆಂಚಿ ಮಂಕರಿಯಲ್ಲಿ ಕುಕ್ಕಿದ್ದೂ ಹಾಗೆಯೇ, ಅದೇ ಜಾಗಕ್ಕೆ. ಒಡೆದ ಮೇಲೆ ಒಳಗೆ ಅಂಟಿದ್ದ ಲೋಳೆಯನ್ನು ಚಪ್ಪರಿಸಿತು.

ಸಣ್ಣತಾಯಮ್ಮನಿಗೆ ಆಗ ಹೊಳೆಯಿತು. ಅಯ್ಯೋ, ನಾನೇ ಕಲಿಸಿದ್ದೇನಲ್ಲ! ದಿನಾ ಎತ್ತಿ ಹಿಡಿದು ಮೊಟ್ಟೆ ಮೊಟ್ಟೆ ಎಂದು ತೋರಿಸಿ ತೋರಿಸಿ ಹಾಕಿದವಳು ನಾನು. ಕೋಳಿಗೆ ಬೇಕಾಗಿದ್ದದ್ದು ಸುಣ್ಣ. ಮೊಟ್ಟೆಯ ಗುರುತು ಅದಕ್ಕೆ ಯಾಕೆ ಬೇಕಿತ್ತು?

"ರೀ, ಕತ್ತಿ ಕೆಳಗಿಡಿ!" ಎಂದು ಕೂಗಿಕೊಂಡೇ ಓಡಿದಳು. ಬೂದಿಗುಂಡಿಯ ಹತ್ತಿರ, ಬಚ್ಚಲ ಹಿಂದೆ ಬಿದ್ದಿದ್ದ ಸಿಪ್ಪೆಯನ್ನೆಲ್ಲ ಆಯ್ದು ತಂದಳು. ತೊಳೆದು, ಹೆಂಚಿನ ಮೇಲೆ ವಾಸನೆ ಹೋಗುವ ತನಕ ಹುರಿದಳು. ಕೆಂಚಿಯ ಸಾರಿಗೆಂದು ತೊಳೆದಿಟ್ಟ ಒರಳುಕಲ್ಲಿಗೇ ಸುರಿದು ಅರೆದಳು. ಬಿಳಿ ಹೋಗಲಿಲ್ಲ, ದುಂಡು ಹೋಯಿತು. ಮರಳಿನ ಹಾಗೆ ತರಿತರಿಯಾಯಿತು. ಹೆತ್ತ ಕೋಳಿಯೇ ಬಂದು ನೋಡಿದರೂ ಗುರುತು ಹತ್ತಬಾರದು, ಹಾಗೆ.

ಅದನ್ನು ಒಂದು ಕರಟದಲ್ಲಿ ಹಾಕಿ ಗೋಡೆಯ ಪಕ್ಕ ಇಟ್ಟಳು. ಬಾ ಬಾ ಎನ್ನಲಿಲ್ಲ. ಬೇಕಾದ ಕೋಳಿ ಬಂತು, ಬೇಡವಾದದ್ದು ಹಾಯ್ದು ಹೋಯಿತು. ಹುಂಜ ಮೂಸಿಯೂ ನೋಡಲಿಲ್ಲ. ಕೆಂಚಿ ಸಂಜೆ ಗೂಡು ಸೇರುವ ಮುಂಚೆ ಬಂದು ಹೊಟ್ಟೆಗೆ ಬೇಕಾದಷ್ಟು ಹೆಕ್ಕಿ ಹೋಗುತ್ತಿತ್ತು. ಚಟ ಒಂದೇ ಸಲಕ್ಕೆ ಬಿಟ್ಟೀತೇ? ಮಂಕರಿಯಲ್ಲಿ ಹೊಳೆಯ ಬಿಳಿ ಗುಂಡುಕಲ್ಲು ಇಟ್ಟಳು. ಕುಕ್ಕಿ ಕುಕ್ಕಿ ಕೊಕ್ಕು ನೊಂದು ಕೆಂಚಿ ಸುಮ್ಮನಾಯಿತು. ಅಷ್ಟರಲ್ಲಿ ಚಿಪ್ಪೂ ಗಟ್ಟಿಯಾಗಿತ್ತು.

ಮಗಳು ಚೇತರಿಸಿಕೊಂಡಳು. ಕೆನ್ನೆಗೆ ಬಣ್ಣ ಬಂತು. ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಟ ದಿನ ಕೆಂಚಿ ಬಾಗಿಲಲ್ಲೇ ನಿಂತಿತ್ತು. ಕಾಲಿಗೆ ತೊಡರಿಕೊಂಡ ಕೋಳಿಯನ್ನು ಸಣ್ಣತಾಯಮ್ಮ ಬೈದಳು, ಬೈಯುತ್ತಲೇ ಎತ್ತಿ ಕಂಕುಳಿಗೆ ಇಟ್ಟುಕೊಂಡಳು. ಬೇಲಿಯಾಚೆಯವಳು, "ಏನೇ, ಕೋಳಿಗೆ ಅದೇನು ಹಾಕುತ್ತೀಯೆ?" ಎಂದು ಕೇಳಿದಳಂತೆ. "ಎಂಥದೋ ಪುಡಿ" ಎಂದಳಂತೆ ಸಣ್ಣತಾಯಮ್ಮ. ಅಷ್ಟು ದೊಡ್ಡ ಬಾಯಿಯಲ್ಲಿ ಅಷ್ಟೇ ಮಾತು.

ಕತೆ ಮುಗಿಯಿತು. ಮೊರದಲ್ಲಿ ಕಾಳೂ ಮುಗಿಯುತ್ತಾ ಬಂದಿತ್ತು. ಗೌಡರ ಮುಖ ಹಗುರಾಗಿತ್ತು. ಕೆಂಚಿ ಉಳಿದದ್ದು ಅವರಿಗೆ ನಿಜಕ್ಕೂ ಖುಷಿ ಕೊಟ್ಟಿತ್ತು.

"ಒಳ್ಳೆಯ ಕತೆ ತಾತ. ನಮ್ಮ ಮನೆಯವಳಿಗೂ ಹೇಳುತ್ತೇನೆ, ಅವಳೂ ಸಿಪ್ಪೆಯನ್ನು ಹಾಗೇ ಎಸೆಯುತ್ತಾಳೆ. ಆ ಹೆಂಗಸು ಹಾಕಿದ್ದು ತಪ್ಪಲ್ಲ, ಗುರುತು ಉಳಿಸಿ ಹಾಕಿದ್ದು ತಪ್ಪು. ಗೊತ್ತಾಯಿತು. ಆದರೆ ನಾನು ಕೇಳಿದ್ದು ಕೋಳಿಯ ವಿಷಯ ಅಲ್ಲವಲ್ಲ? ಮಾಯಮ್ಮನ ವಿಷಯ."

ತಾತ ಕೊನೆಯ ಕಾಳನ್ನು ಹಿತುಕಿದರು. ಬೇಳೆ ಬಟ್ಟಲಿಗೆ ಬಿತ್ತು, ಸಿಪ್ಪೆ ಬೆರಳಲ್ಲಿ ಉಳಿಯಿತು. ಅದನ್ನು ಗೌಡರ ಅಂಗೈಯಲ್ಲಿ ಇಟ್ಟು ಹೇಳಿದರು:

"ಮಿಷನ್ನು ಕೊಟ್ಟದ್ದು ಸರಿಯಪ್ಪಾ, ಆ ಹಿತ್ತಾಳೆ ತಗಡನ್ನು ಅರೆಯದೆ ಕೊಟ್ಟೆಯಲ್ಲ."